ಕೌಠಾ ಬ್ರಿಜ್ ದಾಟಿದ ಮ್ಯಾಲ

ಬೀದರದಾಗ ರೇಡಿಯೋ ಕನ್ನಡ ಮಾತಾಡ್ತದ.
ಜನವಾಡದ ತನ ಹಂಗೇ ಇರ್ತದ.
ಕೌಠಾ ಬ್ರಿಜ್ ಮ್ಯಾಲ, ಮಾಂಜ್ರಾದ ನಟ್ಟನಡುವ,
ಅದೇ ಬಾಯಿಗಿ ತೆಲುಗು ಹತ್ತತದ,
ಔರಾದ ಕಾಣೂದರಾಗ ಮರಾಠಿ,
ಆಮ್ಯಾಲ ಬರೀ ಚರಚರ,
ಹಂಚಿನ ಮ್ಯಾಲ ಎಣ್ಣಿ ಕಾದಂಗ.

ಮೂರು ವರ್ಷ ಅದನ್ನೇ ಕೇಳ್ಕೋತ ಹೋಗೀನಿ,
ಮಗ್ಗಲ ಸೀಟಿನಾಗ ಲಸಿ ಡಬ್ಬಿ,
ಕೂಸಿನಂಗ ಬೆಲ್ಟ್ ಹಾಕಿ ಕೂಡಿಸಿದ್ದು.
ಈ ವರ್ಷ ಇಲಾಖೆ ಪರೀಕ್ಷಾ ಅದ.
ಓದಲಿಕ್ಕಿ ಹೊತ್ತಿಲ್ಲ, ಹಾದಿ ಅದ.
ರಾತ್ರಿ ಭಾಂಡೆ ತಿಕ್ಕಿದ ಮ್ಯಾಲ
ಫೋನಿನಾಗ ನನ್ನ ದನೀಲೇ ಪಾಠ ತುಂಬೀನಿ:
ಎರಡರಿಂದ ಎಂಟು ಡಿಗ್ರಿ. ಎಡ ತೋಳು, ಬಿಸಿಜಿ.
ಎಡ ತೊಡಿ, ಪೆಂಟಾ. ತಾಯಿಗಿ ಹೇಳೂ ನಾಕು ಮಾತು.
ಆದರ ಗಾಡಿಗಿ ಫೋನಿನ ಗುರುತಿಲ್ಲ.
ಹಳೀ ಆಲ್ಟೋ. ಸ್ಟೀರಿಯೋಕ್ಕ ಮುಂದ ತೂತಿಲ್ಲ,
ಹಿಂದ ಅದ ಅಂತಾಳ ಶಗುಫ್ತಾ.

ಶಗುಫ್ತಾ ನಮ್ಮ ಓಣಿ ಹುಡುಗಿ, ಐಟಿಐ ಎರಡನೇ ವರ್ಷ.
ಆಯ್ತವಾರ ಬಂದಳು ಮುರಿದ ಪ್ಲಾಸ್ಟಿಕ್ ಸ್ಕೇಲು ತಗೊಂಡು,
ಸ್ಕ್ರೂಡ್ರೈವರು, ಅಮ್ಮಿಯ ಹಳೀ ದುಪಟ್ಟಾದ ತುಂಡು,
ಡ್ಯಾಶ್‌ಬೋರ್ಡಿಗಿ ಗೀರು ಬೀಳಬಾರದಂತ.
"ಪೈಲೆ ಬ್ಯಾಟರಿ ವಾಯರ್ ಬಿಚ್ಚರಿ ಆಂಟಿ."
ಬಿಚ್ಚಿದೆ. ಗಡಿಯಾರದ ಹಸರು ಅಂಕಿ ಸತ್ತವು.

ಮೊದಲ ಕ್ಲಿಪ್ಪಿಗಿ ನನ್ನ ಎದಿ ಟಕ್ ಅಂತು.
"ಮುರದಿಲ್ಲ ಅದು, ಬಿಟ್ಟದ" ಅಂದಳು.
"ಕ್ಲಿಪ್ ಎಲ್ಲಿ ಅದ ಅಲ್ಲೇ ಬೆರಳಿಟ್ಟು ಎಳೀಬೇಕು.
ದೂರ ಹಿಡದು ಎಳದರ ಮುರೀತದ."
ಇಪ್ಪತ್ತು ವರ್ಷ ಹೆರಿಗಿ ಕೋಣಿಯಾಗ
ನನಗ ಯಾರೂ ಇಷ್ಟು ಸಾಫ್ ಹೇಳಿದ್ದಿಲ್ಲ.

ಒಂಬತ್ತು ಕ್ಲಿಪ್ಪು. ನಾಕು ಸ್ಕ್ರೂ, ಬಸಿಯಾಗ.
ಕರೀ ಮಾರಿ ಕಳಚಿ ನನ್ನ ತೊಡಿ ಮ್ಯಾಲ ಬಂದು ಮಲಗಿತು.
ಹಿಂದ ಮಗ್ಗಲ ಹೊಳಪಿಲ್ಲ,
ಕುಬಸದ ಒಳಮೈಯಂಗ ಬರೀ ಗಂಟು, ನಂಬರು.
ಅಲ್ಲಿ ಧೂಳ ಕೂತಿತ್ತು ಪದರ ಪದರ:
ಬೀದರದ ಕೆಂಪು, ಅದರ ಮ್ಯಾಲ ಔರಾದಿನ ಕರಿ,
ಮತ್ತ ಕೆಂಪು.
ನನ್ನ ಹಾಜರಿ ಯಾರೋ ಇಲ್ಲಿ ಬರದಿಟ್ಟಾರ,
ಸಾಹೇಬರ ಸಹಿ ಇಲ್ಲದ್ದು.
ಒಂದು ಹುಣಸಿ ಬೀಜ. ಒಂದು ಪಿನ್ನು.
ಮೊದಲಿನ ಮಾಲಕನ ಯಾವದೋ ಹುಡುಗಂದು ನೀಲಿ ಗೋಲಿ.
ತಿರುವಿನಾಗ ಗುರುಗುರು ಅಂತಿದ್ದದ್ದು ಇದೇ!
ಮೂರು ಮಂದಿ ಮೆಕ್ಯಾನಿಕ್ ಬೇರಿಂಗ್ ಅಂದಿದ್ದರು,
ಒಬ್ಬಂವ ರೊಕ್ಕಾನೂ ತಗೊಂಡಿದ್ದ.

ವಾಯರು ಗೇರಿನ ಬುಡಕ್ಕ ಬರಬೇಕು, ಕಾಣದಂಗ.
ಶಗುಫ್ತಾ ಹಲ್ಲಾಗ ಟೇಪಿನ ತುಂಡು ಕಚ್ಚಿ
ಮೊಣಕೈ ತನ ಒಳಗ ಹಾಕಿ ಕಣ್ಣ ಮುಚ್ಚಿದಳು.
ಗೊತ್ತು ನನಗ ಆ ಕಣ್ಣು ಮುಚ್ಚೂದು.
ಬೆರಳು ನೋಡೂವಾಗ ಕಣ್ಣು ಅಡ್ಡ ಬರ್ತಾವ.

ಸಂಜಿಗಿ ಎಲ್ಲಾ ತಿರುಗಿ ಕೂಡಿಸಿದೆವು, ಟಕ್, ಟಕ್,
ಈ ಸಲ ಎದಿ ಸುಮ್ಮನಿತ್ತು.
ಬಸಿಯಾಗ ಒಂದು ಸ್ಕ್ರೂ ಉಳೀತು.
ಇಬ್ಬರೂ ಅದನ್ನ ನೋಡಿದೆವು.
ಚಾ ಕುಡದೆವು.

ಸೋಮವಾರ. ಕೌಠಾ ಬ್ರಿಜ್.
ತೆಲುಗು ಬರೂ ಜಾಗದಾಗ ನಾನು ಬಂದೆ:
"ಹೆದರಬ್ಯಾಡ್ರಿ. ಜ್ವರ ಬಂದರ ಗಾಬರಿ ಆಗಬ್ಯಾಡ್ರಿ."
ಇದು ಯಾರು? ಇಷ್ಟು ಗಡಸು?
ಆ ಹೆಣ್ಮಕ್ಕಳು ಇಷ್ಟು ವರ್ಷ ಇವಳ ಮಾತು ಕೇಳ್ಯಾರೇನು,
ಕೂಸಿನ ಕಾಲು ಹಿಡದು, ಮಾರಿ ಆ ಕಡಿ ಮಾಡಿ?
ಗಾಡಿ ಓಡಿದಂಗ ಆ ದನಿ ಹಿಂದ
ಕುಂಯ್ ಅಂತ ಒಂದು ಎಳಿ ಏರ್ತಿತ್ತು.
ಅರ್ಥ್ ಸರಿ ಕೂತಿಲ್ಲ,
ಮುಂದಿನ ಆಯ್ತವಾರ ನೋಡ್ತೀನಿ ಅಂದಾಳ ಹುಡುಗಿ.

ಪಾಠ ಬಂದ್ ಮಾಡಿದೆ.
ರೇಡಿಯೋ ಹಚ್ಚಲಿಲ್ಲ.
ಸ್ಕ್ರೂ ಇಲ್ಲದ ಮೂಲಿ ಕಿಟಿಕಿಟಿ ಅನ್ಲಕತ್ತಿತ್ತು,
ಲಸಿ ಡಬ್ಬಿ ಬೆಲ್ಟಿನಾಗ ಕೂತು ಕೇಳ್ಲಕತ್ತಿತ್ತು.
"ಹೆದರಬ್ಯಾಡ್ರಿ" ಅಂದೆ, ಮೆಲ್ಲಕ.
ಸರಿ ಆಗಲಿಲ್ಲ.
ಮತ್ತ ಅಂದೆ,
ಸಂತಪುರ ದಾಟೂ ತನ.