ಹತ್ತು ಕ್ವಿಂಟಾಲ್

ಬಾಣಾವರದ ಜೂನಿಯರ್ ಕಾಲೇಜು, ಮೂರನೇ ಪೀರಿಯಡ್ಡು.
ರೈಲು ದಾಟಿ ಹೋಗುವವರೆಗೆ
ಬೋರ್ಡಿನ ಮುಂದೆ ಸುಮ್ಮನೆ ನಿಲ್ಲುವುದು ನನ್ನ ರೂಢಿ.
ಆಮೇಲೆ ಬರೆದೆ:
ಸುಣ್ಣದ ಕಲ್ಲು, ಒಂದು ಬಾಣ, ಬಾಣದ ನೆತ್ತಿಗೆ ಉರಿ,
ಆಚೆಗೆ ಸುಟ್ಟ ಸುಣ್ಣ, ಜೊತೆಗೊಂದು ಅನಿಲ.
ನೂರು ಗ್ರಾಂ ಸುಟ್ಟರೆ ಐವತ್ತಾರು ಉಳಿಯುತ್ತದೆ,
ನಲವತ್ತನಾಲ್ಕು ಹಾರುತ್ತದೆ.
ಹಾರಿದ ಅಣುಗಳೆಷ್ಟು? ನಾಳೆ ಮಾಡಿ ತನ್ನಿ.

ಎಲ್ಲರೂ ನೂರು ಗ್ರಾಮಿಗೇ ಮಾಡಿ ತಂದರು.
ಬಿಂದುಶ್ರೀ ಮಾತ್ರ ಹತ್ತು ಕ್ವಿಂಟಾಲಿಗೆ.
ಯಾಕಮ್ಮ ಇಷ್ಟು?
ನಮ್ ತಾತನ ಗೂಡು ಅಷ್ಟೇ ಹಿಡೀತಿತ್ತು ಸಾರ್.

ತಾತ ಮೂಡಲಗಿರಿಯಪ್ಪ.
ಗೂಡು ಸಾವ್ಕಾರನದು, ಕಲ್ಲು ಸಾವ್ಕಾರನದು,
ತಕ್ಕಡಿಯೂ ಅವನದೇ.
ಹತ್ತು ಕ್ವಿಂಟಾಲ್ ತೂಗಿ ಕೊಟ್ಟರೆ
ಎರಡು ರಾತ್ರಿ ನಿದ್ದೆಗೆಟ್ಟು ಉರಿಸಿ
ಇಳಿಸಿದ್ದು ಐದೂ ಚಿಲ್ಲರೆ.
ಮಿಕ್ಕಿದ್ದೆಲ್ಲೋ?
ಉರೀಲಿ ಹೋಯ್ತು ಸಾಮಿ.
ಕಲ್ಲು ಉರಿದು ಹೋಗುತ್ತೇನೋ, ಕಳ್ಳ?
ಸಾವ್ಕಾರನಿಗೂ ಗೊತ್ತಿದ್ದೀತು. ಆದರೂ
ಪ್ರತಿ ಗೂಡಿಗೂ ಕೂಲಿಯಲ್ಲಿ ಮುರಿದುಕೊಂಡ,
ಇಪ್ಪತ್ತೊಂದು ವರ್ಷ.
ಕಳ್ಳ ಎಂಬುದು ಉಗುರುಸಂದಿಯ ಸುಣ್ಣದ ಹಾಗೆ
ತೊಳೆದಷ್ಟೂ ಉಳಿಯಿತು.

ಹುಡುಗಿ ಅದನ್ನೇ ಸಮೀಕರಣದ ಎಡಗಡೆ ಇಟ್ಟಿದ್ದಳು.
ಬಲಗಡೆ ಐನೂರ ಅರವತ್ತು ಕೆಜಿ ಸುಣ್ಣ,
ನಾನೂರ ನಲವತ್ತು ಕೆಜಿ ಗಾಳಿ.
ಅಣುಗಳ ಲೆಕ್ಕಕ್ಕೆ ಆರು ಬರೆದು
ಬೆನ್ನಿಗೆ ಇಪ್ಪತ್ತೇಳು ಸೊನ್ನೆ, ಒಂದೊಂದಾಗಿ;
ಗೆರೆಯಲ್ಲಿ ಜಾಗ ಸಾಲದೆ ಕೆಲವು
ಮಾರ್ಜಿನ್ನಿನಾಚೆಗೆ ಉರುಳಿದ್ದವು.
ಕೆಳಗೆ, ನಾನು ಕೇಳಿರದ ಒಂದು ಸಾಲು:
ಆದ್ದರಿಂದ ತಾತ ಕದ್ದಿಲ್ಲ.

ಭಾನುವಾರ ಅವರ ಮನೆಗೆ ಹೋದೆ.
ಮುದುಕ ಲೆಕ್ಕ ಓದಿಸಿ ಕೇಳಿದ.
ಎಷ್ಟು ಅಂದ್ಯವ್ವ?
ಐನೂರ ಅರವತ್ತು.
ಬೆರಳು ಮಡಿಚಿದ, ಬಿಚ್ಚಿದ.
ನಾನ್ ಕೊಡ್ತಿದ್ದುದು ಐನೂರ ನಲವತ್ತು.

ಮೊಮ್ಮಗಳ ಮುಖ ಇಷ್ಟೇ ಇಷ್ಟಾಯಿತು.
ಕಲ್ಲೇನು ಚೊಕ್ಕ ಇರುತ್ತಾ, ಮಣ್ಣು, ಮರಳು,
ಅರೆಬೆಂದ ಗಟ್ಟಿ, ತಕ್ಕಡಿಯ ಮೋಸ...
ನಾನು ವಕೀಲನಂತೆ ಎದ್ದು ನಿಂತೆ.
ಮುದುಕ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡ.
ಇರ್ಬೋದು ಬುಡಿ.
ಆದ್ರೆ ಆ ಗ್ವಾಡೆ ಬೆಳ್ಳಗೈತಲ್ಲ ಮೇಷ್ಟ್ರೆ,
ಅದು ಸುಮ್ಕೆ ಆಗ್ಲಿಲ್ಲ.

ಗೋಡೆ ಮುಟ್ಟಿ ನೋಡಿದೆ. ತಣ್ಣಗಿತ್ತು, ಗಟ್ಟಿ.
ಬಳಿದ ಸುಣ್ಣ ಗಾಳಿ ಕುಡಿದು
ಮತ್ತೆ ಕಲ್ಲಾಗುತ್ತದೆ; ಅದು ಮುಂದಿನ ಪಾಠ.
ಹಾರಿಹೋದದ್ದರಲ್ಲಿ ಒಂದಿಷ್ಟು, ಯಾರಿಗೂ ಹೇಳದೆ,
ಇಲ್ಲಿಗೇ ವಾಪಸ್ಸು ಬಂದು
ಸೊಸೈಟಿ ಕ್ಯಾಲೆಂಡರಿನ ಹಿಂದೆ ಕೂತಿತ್ತೋ ಏನೋ.

ಸೋಮವಾರ ನೋಟ್‌ಬುಕ್ಕು ತಿದ್ದಿದೆ.
ಹತ್ತಕ್ಕೆ ಒಂಬತ್ತೂವರೆ.
ಅಷ್ಟೊಂದು ಸೊನ್ನೆಗಳ ಕೊನೆಗೆ
ಅಣುಗಳು ಎಂದು ಬರೆದಿರಲಿಲ್ಲ.
ಅರ್ಧ ಮುರಿದುಕೊಂಡೆ.