ಶಂಖದಿಂದ ಬಂದದ್ದು

ಲವಂಗದ ಡಬ್ಬಿ, ಮುಚ್ಚಳಕ್ಕೆ ರಬ್ಬರ್ ಬ್ಯಾಂಡು.
ಅದರೊಳಗೆ ಹತ್ತಿ. ಹತ್ತಿಯೊಳಗೆ
ಮಾಗಿದ ಪರಂಗಿಯ ಬಣ್ಣದ್ದೊಂದು ಗುಂಡು,
ದಪ್ಪ ಕಡಲೆಯಷ್ಟು.

'ಇದು ಮುತ್ತೇನಮ್ಮಾ?' ಅಂದರು ಮಾಬುನ್ನೀಸಾ,
ಮಂಡಿ ಮೊಹಲ್ಲಾದಿಂದ ನಡೆದೇ ಬಂದು,
ಅಶೋಕ ರಸ್ತೆಯ ಏಳು ಅಂಗಡಿ ಹತ್ತಿ ಇಳಿದು,
ಕೊನೆಗೆ ಹಿಂದಿನ ಓಣಿಯ ನನ್ನ ಮೂರಡಿ ಮಣೆಗೆ.
ಏಳರಲ್ಲಿ ಐದು, ಪ್ಲಾಸ್ಟಿಕ್ ಅಂದವಂತೆ.
ಒಂದು, ಹವಳ. ಇನ್ನೊಂದರ ಹುಡುಗ
ಮಾತೇ ಆಡದೆ ಹಿಂದಕ್ಕೆ ತಳ್ಳಿದನಂತೆ, ಬೆರಳ ತುದಿಯಿಂದ.

ಶಂಖದಿಂದ ಬಂದರೇ ತೀರ್ಥ ಅನ್ನುತ್ತಾರೆ.
ಶಂಖದಿಂದ ಬಂದ ಮುತ್ತಿಗೆ ಮಾತ್ರ
ಸಾಕ್ಷಿ ಕೇಳುತ್ತಾರೆ.

ಕಣ್ಣಿಗೆ ಭೂತಗನ್ನಡಿ ಏರಿಸಿ ದೀಪದ ಕೆಳಗೆ ತಿರುಗಿಸಿದೆ.
ಸಿಂಪಿಯ ಮುತ್ತಿನ ಹಾಲುಹೊಳಪಿಲ್ಲ ಇದಕ್ಕೆ,
ಪಿಂಗಾಣಿಯ ನುಣುಪು. ಒಳಗೆ
ಗಾಳಿ ತಾಗದ ಸೌದೆ ಒಲೆಯ ಹಾಗೆ
ಸಣ್ಣ ಸಣ್ಣ ನಾಲಿಗೆ, ಒಂದರ ಪಕ್ಕ ಒಂದು, ಉರಿ.
ಅಪ್ಪ, ಮೊಗಣ್ಣಾಚಾರಿ, ಇಡೀ ಆಯುಸ್ಸಿನಲ್ಲಿ ಕಂಡದ್ದು ಒಂದೇ.
ಅದರ ಬಣ್ಣ ಹೇಳಲು ಹೊರಟಾಗಲೆಲ್ಲ
ಊಟ ಅರ್ಧಕ್ಕೇ ನಿಲ್ಲುತ್ತಿತ್ತು.

ಸ್ವಾತಿ ಹನಿ ಬಿದ್ದು ಆದದ್ದಲ್ಲ.
ಒಂದು ಬಸವನಹುಳು, ಕಡಲಿನದು, ಮಗುವಿನ ತಲೆಯಷ್ಟು ದಪ್ಪ,
ತನ್ನ ಮಾಂಸಕ್ಕೆ ಚುಚ್ಚಿದ್ದನ್ನು
ಉಗಿಯಲಾರದೆ, ನುಂಗಲಾರದೆ,
ಸುತ್ತಿ ಸುತ್ತಿ ಸುಮ್ಮನಾಗಿಸಿದ್ದು.
ನಮ್ಮ ನಲ್ಲಿಕಟ್ಟೆಯಲ್ಲಿ ಅದರ ಬಡ ನೆಂಟರು ತೆವಳುತ್ತಾರೆ;
ಅಮ್ಮ ಉಪ್ಪು ಹಾಕಿ ಓಡಿಸುತ್ತಾಳೆ.
ಇದಕ್ಕೆ ಉಪ್ಪೇ ಮನೆ.

ಗಫಾರ್ ಸಾಬರು ಹಡಗಿನ ಬಾಣಸಿಗರು.
ಬರ್ಮಾದ ಕಡೆ ಯಾವುದೋ ಬಂದರಿನಲ್ಲಿ
ಸಾಹೇಬರ ಸಾರಿಗೆಂದು ಮೂಟೆ ತುಂಬ ಬಂದ ಹುಳುಗಳನ್ನು
ಬಿಡಿಸುತ್ತಿದ್ದಾಗ ಚಾಕು ಟಣ್ ಅಂದಿತಂತೆ.
ದವಡೆಯಲ್ಲಿ ಅಡಗಿಸಿಕೊಂಡು ಮೂರು ದಿನ ಮಾತು ಬಿಟ್ಟರಂತೆ.
ಕೇಳಿದವರಿಗೆ ಕೆನ್ನೆ ಮುಟ್ಟಿ ತೋರಿಸುತ್ತಿದ್ದರಂತೆ, ಹಲ್ಲುನೋವು.
ಹೇಳುತ್ತ ಹೇಳುತ್ತ ನಕ್ಕುಬಿಟ್ಟರು ಆಕೆ.

ಓಲೆ ಬೇಡಿ, ಅಂದೆ. ಇದರ ಜೋಡಿ ಹುಡುಕಿಕೊಂಡು
ಏಳು ಕಡಲು ಸುತ್ತಿದರೂ ಬರಿಗೈ.
ಸರವೂ ಬೇಡಿ. ಮಾತು ಆಡಿದರೆ ಹೋಯ್ತು,
ಮುತ್ತು ಒಡೆದರೆ ಹೋಯ್ತು;
ಇದಕ್ಕೆ ಬೈರಿಗೆ ಇಡುವ ಧೈರ್ಯ ನನ್ನ ಕೈಗಿಲ್ಲ.
ಉಂಗುರ ಮಾಡಬಹುದು. ಆದರೆ
ಬಿಸಿಲು ಕಂಡರೆ ಬಣ್ಣ ಇಳಿಯುತ್ತೆ, ವರ್ಷ ವರ್ಷ, ಒಂದೊಂದು ಚೂರು.
ಡಬ್ಬಿಯಲ್ಲೇ ಇಟ್ಟಿರಿ, ಹಬ್ಬಕ್ಕೆ ತೆಗೆಯಿರಿ, ರಾತ್ರಿ ಹೊತ್ತು.

ಮಾಬುನ್ನೀಸಾ ತುಂಬ ಹೊತ್ತು ಡಬ್ಬಿಯನ್ನೇ ನೋಡಿದರು.
'ಹಡಗಿನ ಅಡುಗೆಮನೇಗೆ ಕಿಟಕಿ ಇರಲಿಲ್ಲವಂತೆ.
ಇಪ್ಪತ್ತೆರಡು ವರ್ಷ.
ಉಂಗುರಾನೇ ಮಾಡು. ಬಲಗೈಗೆ.'

ಬೆಳ್ಳಿ ಸಾಕು ಅಂದರು. ನಾಲ್ಕು ಉಗುರು ಎತ್ತಿದೆ,
ಹಿಡಿದೂ ಹಿಡಿಯದ ಹಾಗೆ. ತಳ ತೆರೆದೇ ಬಿಟ್ಟೆ,
ಚರ್ಮಕ್ಕೆ ತಾಗಲಿ ಅಂತ.
ಕೂಲಿ ಎಷ್ಟು ಅಂದಾಗ ಬಾಯಿಗೆ ಬಂದದ್ದು ಹೇಳಿದೆ.
ಅರ್ಧ ಕೊಟ್ಟರು, ಚೌಕಾಸಿ ಮಾಡಿಯೇ ಕೊಟ್ಟರು.

ಮೂರು ಬೇಸಿಗೆ ಕಳೆದು, ನಿನ್ನೆ,
ದೇವರಾಜ ಮಾರುಕಟ್ಟೆಯ ಬಾಗಿಲಲ್ಲಿ, ಹನ್ನೆರಡರ ಬಿಸಿಲು,
ತೊಂಡೆಕಾಯಿಯ ಗುಡ್ಡೆಯಲ್ಲಿ ಬಲಿತದ್ದನ್ನೆಲ್ಲ
ಹೆಕ್ಕಿ ಹೆಕ್ಕಿ ಪಕ್ಕಕ್ಕೆಸೆಯುತ್ತಿದ್ದ ಕೈಯೊಂದನ್ನು ಕಂಡೆ.
ಮಾಗಿದ ಪರಂಗಿ
ದೋರೆಗಾಯಿಯ ಕಡೆಗೆ ಒಂದು ಹೆಜ್ಜೆ ಹಿಂದೆ ಬಂದಿತ್ತು.
ಕರೆಯೋಣ ಅಂದುಕೊಂಡೆ. ಆದರೆ
ತೊಂಡೆಕಾಯಿಯವಳ ಜೊತೆ ಜಗಳ ಜೋರಾಗಿತ್ತು.