ಎಮ್ ಅಂದರೆ ಜಗಲಿ

ಗುತ್ತಲು ರಸ್ತೆಯ ತೂಕದ ಮನೆಯಲ್ಲಿ
ಹದಿನಾರು ವರ್ಷದ ಒಂದು ಕಂಪ್ಯೂಟರು,
ಅದರ ಪಕ್ಕ ನಾನು, ಚಿಕ್ಕತಾಯಿ,
ರಸೀದಿ ಹರಿದು ಕೊಡುವವಳು.
ಹೊಸದೇನು ಹಾಕಿದರೂ ಅದಕ್ಕೆ ಉಬ್ಬಸ.
"ಬೇರೆ ತಗಳನ ಬುಡು" ಅನ್ನುತ್ತಾರೆ ಮರಿಲಿಂಗಯ್ಯನವರು,
ಮೂರು ವರ್ಷದಿಂದ ಅನ್ನುತ್ತಲೇ ಇದ್ದಾರೆ.

ಅದಕ್ಕೇ ಈ ರಾತ್ರಿ ಮೂಲದಿಂದ ಕಟ್ಟಲು ಕೂತೆ.

ಪರದೆ ಪ್ರಶ್ನೆ ಕೇಳುತ್ತದೆ
ಜನಗಣತಿಯವರ ಹಾಗೆ, ತಲೆಯೆತ್ತದೆ.
ಬ್ಲೂಟೂತ್ ಬೇಕೇ? ಯಾರ ಜೊತೆ ಮಾತಾಡಲು. ಎನ್.
ಸೌಂಡ್ ಕಾರ್ಡು? ಹಾರನ್ನುಗಳು ಸಾಲವೇ. ಎನ್.
ಜಾಯ್‌ಸ್ಟಿಕ್ಕು, ಟೀವಿ ಟ್ಯೂನರು,
ಯಾವುದೋ ಕಾಲದ ಟೇಪು ಡ್ರೈವು,
ಎನ್ ಎನ್ ಎನ್.

ವೈ ಅಂದರೆ ನಡುಮನೆ, ಒಳಗೇ ಇರು.
ಎನ್ ಅಂದರೆ ಬೀದಿ.
ಎಮ್ ಅಂದರೆ ಜಗಲಿ: ಕೂತಿರು, ಕರೆದಾಗ ಬಾ.
ಪಾಲಿಟೆಕ್ನಿಕ್ಕಿನಲ್ಲಿ ನಫೀಸಾ ಮೇಡಂ
ಇದನ್ನೇ ಇಂಗ್ಲಿಷಿನಲ್ಲಿ ಹೇಳಿದ್ದರು.
ಜಗಲಿ ಮಾತ್ರ ನನ್ನದು.

ಭಾಷೆಗಳ ಪಟ್ಟಿ ಬಂತು, ಹೆಸರೇ ಕೇಳದವು.
ಒಂದೊಂದನ್ನೇ ಅಳಿಸುವಾಗ ಕೈ ಸ್ವಲ್ಪ ತಡೆಯಿತು.
ಕನ್ನಡ ಉಳಿಸಿದೆ, ಇಂಗ್ಲಿಷು ಉಳಿಸಿದೆ,
ಉರ್ದುವನ್ನೂ, ರಾತ್ರಿ ಪಾಳಿಯ ವಜೀರನಿಗೆ ಅಂತ.
ಅವನು ಓದುವುದು ಕನ್ನಡವೇ. ಇರಲಿ,
ಎಷ್ಟು ತಾನೆ ಜಾಗ ತಿಂದೀತು.

ಪ್ರೊಸೆಸರಿನ ಹೆಸರು ಬರೆದೆ,
ಯಾವುದೋ ಒಂದು ಅಂತಲ್ಲ, ಇದೇ, ಇದರದೇ ಹೆಸರು.
ಹೆಸರು ಹಿಡಿದು ಕರೆದರೆ ಮುದಿ ಎತ್ತೂ
ಕಿವಿ ನಿಮಿರಿಸುತ್ತದೆ.
ಜೆ ನಾಲ್ಕು ಅಂದೆ, ನಾಲ್ಕು ಕೆಲಸ ಒಟ್ಟಿಗೆ.
ಒಂದು ಜೀಬಿ ಮೆಮೊರಿ ಬಾಯಿ ಬಿಟ್ಟಿತು.
ಜೆ ಒಂದು ಅಂದೆ. ನಡೆಯಿತು.

ಸಿಸಿ, ಸಿಸಿ, ಸಿಸಿ,
ಸಾಲು ಸಾಲು ಮೇಲಕ್ಕೆ ಹೋಗುತ್ತಿವೆ.
ಕಾರ್ಖಾನೆ ಕಡೆಯಿಂದ ಕಾಕಂಬಿಯ ವಾಸನೆ.
ಎರಡಕ್ಕೆ ಕರೆಂಟು ಹೋಯಿತು,
ಟ್ರ್ಯಾಕ್ಟರಿನ ಹಳೆ ಬ್ಯಾಟರಿ ಕೈ ಹಿಡಿಯಿತು.
ಎಚ್ಚರಿಕೆ: ಬಳಸದ ವೇರಿಯಬಲ್.
ಎಚ್ಚರಿಕೆ: ಬಳಸದ ವೇರಿಯಬಲ್.
ಟ್ರಂಕಿನಲ್ಲಿರುವ ನನ್ನ ಡಿಪ್ಲೊಮಾ ನೆನಪಾಯಿತು,
ಎದ್ದು ಟೀ ಕಾಸಿದೆ.

ಐದೂಮುಕ್ಕಾಲಿಗೆ ಎದ್ದಿತು!
ಹನ್ನೊಂದು ಸೆಕೆಂಡಿನಲ್ಲಿ,
ಮೊದಲು ನಾಲ್ಕು ನಿಮಿಷ ಕೆಮ್ಮುತ್ತಿದ್ದುದು.
ವಜೀರನನ್ನು ಕರೆದು ಎರಡು ಸಲ ತೋರಿಸಿದೆ.

ಏಳಕ್ಕೆ ಕಾಳಿಂಗೇಗೌಡನ ಟ್ರ್ಯಾಕ್ಟರು
ತೂಕದ ಹಲಗೆ ಹತ್ತಿತು.
ಪರದೆಯಲ್ಲಿ ಏನೂ ಇಲ್ಲ.
ಸೊನ್ನೆಯೂ ಇಲ್ಲ.

ಸೀರಿಯಲ್ ಪೋರ್ಟು.
ಒಂಬತ್ತು ಸೂಜಿಯ ಆ ಹಳೇ ಬಾಯಿ.
ಯಾವ ಕಾಲದ್ದಪ್ಪಾ ಇದು ಅಂತ ರಾತ್ರಿ ಹನ್ನೊಂದಕ್ಕೆ
ನಾನೇ ಎನ್ ಒತ್ತಿದ್ದೆ.
ತಕ್ಕಡಿಯ ಸ್ವಂತ ಡಿಸ್‌ಪ್ಲೇ ಒಡೆದು ಎರಡು ವರ್ಷ,
ಅದಕ್ಕೆ ಬರುತ್ತಿದ್ದ ಮಾತು ಆ ದಾರಿಯೊಂದರಲ್ಲೇ.
ಹಳೆಯ ಕರ್ನಲ್ಲು ಇಟ್ಟುಕೊಂಡಿರಿ ಅಂದಿದ್ದರು ಮೇಡಂ.
ಜಾಗವಿಲ್ಲ ಅಂತ ಅದನ್ನೂ ಅಳಿಸಿದ್ದೆ.

"ಬ್ಯಾಗ ಹಾಕವ್ವ, ಬಿಸ್ಲು ಏರ್ತಾದೆ,
ಕಬ್ಬು ಒಣಗ್ತದೆ, ತೂಕ ಹೊಂಟೋಯ್ತದೆ."

ಎಮ್. ಬಾರಪ್ಪ, ಜಗಲಿಯಲ್ಲಾದರೂ ಕೂತಿರು.
ಮತ್ತೆ ಸಿಸಿ, ಸಿಸಿ. ಇಪ್ಪತ್ತಾರು ನಿಮಿಷ.
ಹಿಂದೆ ಏಳು ಟ್ರ್ಯಾಕ್ಟರು, ಒಂದು ಗಾಡಿ.
ಯಾರೋ ಬೈದರು, ಯಾರೋ ಬೀಡಿ ಹಚ್ಚಿದರು.
ಕಾಳಿಂಗೇಗೌಡ ನಲ್ಲಿಗೆ ಹೋಗಿ
ಹೆಗಲ ಟವೆಲು ಅದ್ದಿ ತಂದು
ಕಬ್ಬಿನ ಮೇಲೆ ಹಾಸಿದ.
ಹದಿನಾಲ್ಕು ಟನ್ನಿಗೆ ಒಂದು ಟವೆಲು.

ಪೋರ್ಟು ಬಾಯಿ ಬಿಟ್ಟಿತು.
ಹದಿನಾಲ್ಕು ಸಾವಿರದ ಮುನ್ನೂರ ಇಪ್ಪತ್ತು.
ಇಪ್ಪತ್ತಾರು ನಿಮಿಷಕ್ಕೆ ಎಷ್ಟು ಕಿಲೋ
ಅಂತ ಅವನು ಕೇಳಲಿಲ್ಲ.
ಒದ್ದೆ ಟವೆಲು ತೆಗಿ
ಅಂತ ನಾನೂ ಅನ್ನಲಿಲ್ಲ.